ಹಳೆಯ ದನಿಗೆ ಹೊಸ ತಟ್ಟೆ

ಮಿತವಾದ ಹಣದಲ್ಲಿ ಸಿ.ಡಿ. ರೆಕಾರ್ಡರ್ ಕೊಳ್ಳಹೊರಟವರಿಗೆ ಕೆಲವು ವಿಚಾರಗಳು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಹಳೆಯ ಮನೆಗಳಲ್ಲಿ ಅಟ್ಟದ ಮೇಲೊಂದು ತಗಡಿನ ಟ್ರಂಕು ಇರುವುದು ಅಪರೂಪವೇನಲ್ಲ. ಮದುವೆಯ ಕರೆಯೋಲೆಗಳು, ಹೊಲದ ಕಾಗದಪತ್ರಗಳು, ಚೌಕಟ್ಟು ಕಳಚಿದ ಭಾವಚಿತ್ರಗಳು, ಇವುಗಳ ನಡುವೆ ಹತ್ತಿಪ್ಪತ್ತು ಕ್ಯಾಸೆಟ್ಟುಗಳು. ಕೆಲವು ಅಂಗಡಿಯಿಂದ ಕೊಂಡು ತಂದವು. ಅವು ಹೋದರೂ ಚಿಂತೆಯಿಲ್ಲ, ಇನ್ನಾವುದಾದರೂ ಮನೆಯಲ್ಲಿ ಅದೇ ಹಾಡು ಸಿಕ್ಕೀತು. ಆದರೆ ಮನೆಯವರೇ ಒಂದು ಟೇಪ್ ರೆಕಾರ್ಡರನ್ನು ನಡುಮನೆಯಲ್ಲಿಟ್ಟು ಹಿಡಿದಿಟ್ಟುಕೊಂಡ ದನಿಗಳ ಮಾತು ಬೇರೆ. ಅಜ್ಜಿ ಹಾಡಿದ ಬೀಸುವ ಪದ, ಮೊಹರಮ್ಮಿನ ರಾತ್ರಿ ಅಲಾಯಿ ಕುಣಿಯ ಬಳಿ ಕೇಳಿಬಂದ ರಿವಾಯತ್ ಪದ, ಓಣಿಯ ಭಜನಾ ಮಂಡಳಿಯವರ ತತ್ವಪದ, ಸುಗ್ಗಿಯ ಬಳಿಕ ಆಡಿದ ದೊಡ್ಡಾಟ, ಇವೆಲ್ಲ ಜಗತ್ತಿನಲ್ಲಿ ಒಂದೇ ಒಂದು ಪ್ರತಿಯಾಗಿ ಆ ಟ್ರಂಕಿನಲ್ಲಿ ಮಲಗಿವೆ.

ಆ ಟ್ರಂಕನ್ನು ತೆರೆದ ದಿನ ಮನೆಯ ಯಜಮಾನರಿಗೆ ಸಾಮಾನ್ಯವಾಗಿ ಮೊದಲು ಹೊಳೆಯುವ ಉಪಾಯವೆಂದರೆ ಇವನ್ನು ಸಿ.ಡಿ.ಗೆ ಇಳಿಸಿಬಿಡುವುದು. ಕಂಪ್ಯೂಟರಿನ ಗೊಡವೆ ಬೇಡ. ಒಂದು ಕಡೆಯಿಂದ ತಂತಿ ಸಿಕ್ಕಿಸಿ, ಗುಂಡಿ ಒತ್ತಿದರೆ ಇನ್ನೊಂದು ಕಡೆ ತಟ್ಟೆ ಸಿದ್ಧವಾಗುವ ಸ್ವತಂತ್ರ ಯಂತ್ರವೊಂದಿದೆಯಂತೆ, ಅದು ಎಷ್ಟಕ್ಕೆ ಬರುತ್ತದೆ ಎಂದು ವಿಚಾರಿಸತೊಡಗುತ್ತಾರೆ. ಪಿಂಚಣಿಯ ಹಣದಲ್ಲೋ ಮಂಡಳಿಯ ವಂತಿಗೆಯಲ್ಲೋ ಒಮ್ಮೆ ಮಾತ್ರ ಮಾಡಬಹುದಾದ ಖರ್ಚು ಇದು. ಯಂತ್ರ ಕೈಕೊಟ್ಟರೆ ಎರಡನೆಯ ಯಂತ್ರಕ್ಕೆ ಹಣವಿಲ್ಲ. ಕ್ಯಾಸೆಟ್ಟು ಹರಿದರೆ ಎರಡನೆಯ ಅಜ್ಜಿಯಿಲ್ಲ.

ಈ ಸೀಮೆಯಲ್ಲಿ ದನಿಯ ಬೆಲೆ ಎಷ್ಟೆಂಬುದನ್ನು ಹೇಳಲು ದೂರ ಹೋಗಬೇಕಾಗಿಲ್ಲ. ಕೊಪ್ಪಳ ತಾಲ್ಲೂಕಿನ ಮೋರನಾಳದ ತೊಗಲುಗೊಂಬೆಯಾಟದ ಹಿರಿಯ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಗೌರವ ಸಂದಿತು. ರಾಮಾಯಣ ಮಹಾಭಾರತಗಳ ಗೊಂಬೆಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ನೂರು ವರ್ಷ ಕಾಪಾಡಬಹುದು. ಪರದೆಯ ಹಿಂದಿನಿಂದ ಆ ಗೊಂಬೆಗಳಿಗೆ ಜೀವ ಕೊಡುವ ಮಾತು, ಹಾಡು, ಅಳು, ಗದರಿಕೆಗಳನ್ನು ಪೆಟ್ಟಿಗೆಯಲ್ಲಿಡಲು ಬಾರದು. ಅದಕ್ಕೆ ಧ್ವನಿಮುದ್ರಣವೊಂದೇ ದಾರಿ.

ಯಂತ್ರದ ಪೂರ್ವಚರಿತ್ರೆ

ಭಾರತದಲ್ಲಿ ಗ್ರಾಮೊಫೋನ್ ಮುದ್ರಣ ಆರಂಭವಾದುದು 1902ರಲ್ಲಿ, ಕಲ್ಕತ್ತೆಯಲ್ಲಿ. ಅಂದಿನಿಂದ ಬಹುಕಾಲ ದನಿಯನ್ನು ಹಿಡಿಯುವುದು ಕಂಪನಿಗಳ ಕೆಲಸವಾಗಿತ್ತೇ ಹೊರತು ಗೃಹಸ್ಥರದಾಗಿರಲಿಲ್ಲ. 1963ರಲ್ಲಿ ಫಿಲಿಪ್ಸ್ ಕಂಪನಿ ಕ್ಯಾಸೆಟ್ಟನ್ನು ಹೊರತಂದ ಮೇಲೆ, ನಮ್ಮಲ್ಲಿ ವಿಶೇಷವಾಗಿ ಎಂಬತ್ತರ ದಶಕದಲ್ಲಿ, ಆ ಅಧಿಕಾರ ಸಾಮಾನ್ಯರ ಕೈಗೆ ಬಂದಿತು. ಸಿ.ಡಿ. ಮಾರುಕಟ್ಟೆಗೆ ಬಂದದ್ದು 1982ರಲ್ಲಿ. ಆದರೆ ಅದನ್ನು ಕೇಳಬಹುದಾಗಿತ್ತು, ಬರೆಯುವಂತಿರಲಿಲ್ಲ. ಕೊಪ್ಪಳವು ರಾಯಚೂರಿನಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದ 1997ರಲ್ಲಿಯೇ, ಕಾಕತಾಳೀಯವಾಗಿ, ಫಿಲಿಪ್ಸಿನವರು ಸಿ.ಡಿ.ಆರ್. 870 ಎಂಬ ಮನೆಬಳಕೆಯ ರೆಕಾರ್ಡರನ್ನು ಮಾರಾಟಕ್ಕೆ ಬಿಟ್ಟರು. ಪಯೋನಿಯರ್, ಮರಾಂಟ್ಜ್, ಟ್ಯಾಸ್ಕಾಮ್ ಮೊದಲಾದವರ ಯಂತ್ರಗಳೂ ಬಂದವು. ಹತ್ತು ಹದಿನೈದು ವರ್ಷ ಇವುಗಳ ಕಾಲ ನಡೆಯಿತು. ಈಗ ಮನೆಬಳಕೆಯ ಇಂಥ ಯಂತ್ರಗಳ ತಯಾರಿಕೆ ಬಹುಮಟ್ಟಿಗೆ ನಿಂತುಹೋಗಿದೆ. ಆದಕಾರಣ, ಮಿತವಾದ ಹಣದಲ್ಲಿ ಕೊಳ್ಳುವುದೆಂದರೆ ಇಂದು ಹಳೆಯದನ್ನು, ಒಬ್ಬರು ಬಳಸಿ ಬಿಟ್ಟದ್ದನ್ನು ಕೊಳ್ಳುವುದೆಂದೇ ಅರ್ಥ.

ಇದರ ಕೆಲಸ ಅರ್ಥವಾದರೆ ಇದರ ದೋಷಗಳೂ ಅರ್ಥವಾಗುತ್ತವೆ. ಬರೆಯುವ ತಟ್ಟೆಯು 12 ಸೆಂಟಿಮೀಟರ್ ಅಗಲದ, 1.2 ಮಿಲಿಮೀಟರ್ ದಪ್ಪದ ಪಾಲಿಕಾರ್ಬೊನೇಟ್ ಬಿಲ್ಲೆ. ಅದರ ಮೇಲೆ ಒಂದು ಬಣ್ಣದ ಲೇಪ, ಅದರ ಮೇಲೆ ಬೆಳ್ಳಿಯಂಥ ಲೋಹದ ಅತಿ ತೆಳುವಾದ ಪದರ, ಎಲ್ಲಕ್ಕೂ ಮೇಲೆ ವಾರ್ನಿಷಿನ ಹೊದಿಕೆ. ಯಂತ್ರವು ದನಿಯನ್ನು ಸೆಕೆಂಡಿಗೆ 44,100 ಸಾರಿ ಅಳೆದು ಅಂಕಿಗಳನ್ನಾಗಿ ಮಾಡಿಕೊಂಡು, ಲೇಸರ್ ಕಿರಣದಿಂದ ಆ ಬಣ್ಣದ ಲೇಪವನ್ನು ಚುಕ್ಕೆಚುಕ್ಕೆಯಾಗಿ ಸುಡುತ್ತ ಹೋಗುತ್ತದೆ. ಸುಟ್ಟದ್ದು ಸುಟ್ಟದ್ದೇ, ಮತ್ತೆ ಅಳಿಸಲು ಬಾರದು. ಅಳಿಸಿ ಬರೆಯಬಹುದಾದ ಆರ್.ಡಬ್ಲ್ಯು. ತಟ್ಟೆಗಳೂ ಉಂಟು, ಆದರೆ ಅವು ಬೆಳಕನ್ನು ಪ್ರತಿಫಲಿಸುವುದು ಸಾಧಾರಣ ಸಿ.ಡಿ.ಯ ಮೂರನೆಯ ಒಂದು ಪಾಲಿನಷ್ಟೂ ಇಲ್ಲವಾದುದರಿಂದ ಹಳೆಯ ಪ್ಲೇಯರುಗಳು ಅವನ್ನು ಗುರುತಿಸುವುದೇ ಇಲ್ಲ.

ಕೈಸುಡುವ ನಾಲ್ಕಾರು ಕಡೆ

ಮೊದಲನೆಯ ತೊಡಕು ತಟ್ಟೆಯದೇ. ಅಮೆರಿಕದಲ್ಲಿ 1992ರಲ್ಲಿ ಮನೆಯ ಧ್ವನಿಮುದ್ರಣದ ಬಗ್ಗೆ ಒಂದು ಕಾನೂನು ಬಂದು, ಅಂಕೀಯ ರೆಕಾರ್ಡರುಗಳ ಮೇಲೂ ಖಾಲಿ ತಟ್ಟೆಗಳ ಮೇಲೂ ಗಾಯಕರು ಮತ್ತು ಕಂಪನಿಗಳಿಗಾಗಿ ಒಂದು ಸುಂಕ ಗೊತ್ತಾಯಿತು. ಅದರಿಂದಾಗಿ ಮನೆಬಳಕೆಯ ಯಂತ್ರಗಳು ‘ಡಿಜಿಟಲ್ ಆಡಿಯೊ’ ಎಂಬ ಗುರುತುಳ್ಳ ವಿಶೇಷ ತಟ್ಟೆಗಳನ್ನಲ್ಲದೆ, ಕಂಪ್ಯೂಟರಿಗೆಂದು ಮಾರುವ ಅಗ್ಗದ ತಟ್ಟೆಗಳನ್ನು ಸ್ವೀಕರಿಸುವುದಿಲ್ಲ, ಒಳಗಿಟ್ಟರೆ ಉಗುಳಿಬಿಡುತ್ತವೆ. ನಮ್ಮ ಪೇಟೆಗಳಲ್ಲಿ ಇಂದು ಸಾಧಾರಣ ಖಾಲಿ ಸಿ.ಡಿ. ಸಿಕ್ಕುವುದೇ ಪ್ರಯಾಸ, ಈ ವಿಶೇಷ ತಟ್ಟೆಯನ್ನು ಕುಷ್ಟಗಿಯಲ್ಲಿ ಕೇಳಿದರೆ ಅಂಗಡಿಯವನು ನಕ್ಕಾನು. ಸ್ಟುಡಿಯೊಗಳಿಗೆಂದು ತಯಾರಾದ ವೃತ್ತಿಯ ಯಂತ್ರಗಳಿಗೆ ಈ ನಿರ್ಬಂಧವಿಲ್ಲ. ಆದರೆ ಒಂದೇ ಕಂಪನಿ ಎರಡು ಬಗೆಯನ್ನೂ ಮಾಡಿರಬಹುದಾದುದರಿಂದ ಹೆಸರು ನೋಡಿ ನಂಬುವಂತಿಲ್ಲ. ಕೈಪಿಡಿಯನ್ನು ಓದಬೇಕು, ಅಥವಾ ಅಗ್ಗದ ತಟ್ಟೆಯೊಂದನ್ನು ಜೊತೆಗೆ ಒಯ್ದು ಮಾರುವವರ ಎದುರಿಗೇ ಹಾಕಿ ನೋಡಬೇಕು. ಯಂತ್ರ ಅಗ್ಗವಾಗಿ ಸಿಕ್ಕಿತೆಂದು ಹಿಗ್ಗುವವರು ಅದಕ್ಕೆ ಬೇಕಾದ ತಟ್ಟೆಯ ಬೆಲೆಯನ್ನು ಮೊದಲು ಕೇಳುವುದು ಲೇಸು. ಎಮ್ಮೆ ಕೊಳ್ಳುವವನು ಮೇವಿನ ದರ ಕೇಳುವುದಿಲ್ಲವೆ?

ಎರಡನೆಯದು ವಿದ್ಯುತ್ತು. ಅಮೆರಿಕದ ಯಂತ್ರಕ್ಕೆ 120 ವೋಲ್ಟ್, ಜಪಾನಿನದಕ್ಕೆ 100 ವೋಲ್ಟ್ ಸಾಕು. ನಮ್ಮ ಮನೆಗೆ ಬರುವುದು 230. ಹೊರದೇಶದಲ್ಲಿರುವ ಮಗನೋ ಅಳಿಯನೋ ಪ್ರೀತಿಯಿಂದ ತಂದುಕೊಟ್ಟ ಯಂತ್ರವನ್ನು ಹಿಂಬದಿಯ ಬರಹ ಓದದೆ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರೆ ಅದರ ಆಯುಸ್ಸು ಆ ಕ್ಷಣಕ್ಕೆ ಮುಗಿಯಿತು. ವೋಲ್ಟೇಜನ್ನು ಇಳಿಸುವ ಟ್ರಾನ್ಸ್‌ಫಾರ್ಮರಿನ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಯುರೋಪಿನ ಮಾರುಕಟ್ಟೆಗೆ ಮಾಡಿದವು ಇಲ್ಲಿಗೆ ಸರಿಹೊಂದುತ್ತವೆ.

ಮೂರನೆಯದು ಲೇಸರಿನ ಮುಪ್ಪು. ಬರೆಯುವ ಲೇಸರ್ ಓದುವ ಲೇಸರಿಗಿಂತ ಹೆಚ್ಚು ದುಡಿಯುತ್ತದೆ, ಬೇಗ ಸವೆಯುತ್ತದೆ. ಹಳೆಯ ರೆಕಾರ್ಡರೊಂದು ಸಿ.ಡಿ.ಯನ್ನು ಸೊಗಸಾಗಿ ನುಡಿಸಿತೆಂದ ಮಾತ್ರಕ್ಕೆ ಬರೆಯುತ್ತದೆಯೆಂದು ತಿಳಿಯಬಾರದು. ಪರೀಕ್ಷೆಯನ್ನು ಪೂರ್ಣವಾಗಿ ಮಾಡಬೇಕು. ಖಾಲಿ ತಟ್ಟೆಯನ್ನು ಮೊದಲಿನಿಂದ ಕೊನೆಯವರೆಗೂ ತುಂಬಿಸಿ ನೋಡಬೇಕು, ಏಕೆಂದರೆ ಸಿ.ಡಿ.ಯ ಬರಹ ಒಳಗಿನ ಸುತ್ತಿನಿಂದ ಹೊರಗಿನ ಅಂಚಿನತ್ತ ಸಾಗುತ್ತದೆ, ತಪ್ಪುಗಳು ಹೆಚ್ಚಾಗಿ ಹೊರ ಅಂಚಿನಲ್ಲೇ ಹೊರಬೀಳುತ್ತವೆ. ಆಮೇಲೆ ‘ಫೈನಲೈಸ್’ ಎಂಬ ಗುಂಡಿ ಒತ್ತಿ ತಟ್ಟೆಯನ್ನು ಮುಗಿಸಬೇಕು. ಇದು ಪುಸ್ತಕಕ್ಕೆ ವಿಷಯಸೂಚಿ ಹಚ್ಚಿದಂತೆ. ಇದಾಗುವವರೆಗೆ ತಟ್ಟೆ ಬೇರೆ ಪ್ಲೇಯರುಗಳಲ್ಲಿ ನುಡಿಯುವುದಿಲ್ಲ. ಕೊನೆಗೆ ಅದನ್ನು ನೆರೆಮನೆಯ ಬೇರೊಂದು ಪ್ಲೇಯರಿನಲ್ಲಿ ಹಾಕಿ ಕೇಳಬೇಕು. ಇಷ್ಟಕ್ಕೆ ಎರಡು ಗಂಟೆ ಹಿಡಿಯುತ್ತದೆ. ಮಾರುವವರು ಅಷ್ಟು ಹೊತ್ತು ಕೊಡಲೊಪ್ಪದಿದ್ದರೆ ಆ ಯಂತ್ರದ ಬಗ್ಗೆ ಅವರಿಗೇ ಭರವಸೆಯಿಲ್ಲವೆಂದು ತಿಳಿಯಬಹುದು.

ಇನ್ನು ಸಣ್ಣ ಸಂಗತಿಗಳು. ಮನೆಬಳಕೆಯ ರೆಕಾರ್ಡರುಗಳಿಗೆ ಸಾಮಾನ್ಯವಾಗಿ ಮೈಕಿನ ತೂತು ಇರುವುದಿಲ್ಲ, ಲೈನ್ ಇನ್ ಮಾತ್ರ. ನೇರವಾಗಿ ಹಾಡು ಹಿಡಿಯಬೇಕೆಂದರೆ ನಡುವೆ ಮಿಕ್ಸರೊಂದು ಬೇಕು. ದನಿಯ ಮಟ್ಟದ ಮುಳ್ಳು ಕೆಂಪಿಗೆ ಹೋದರೆ ಟೇಪು ತಕ್ಕಮಟ್ಟಿಗೆ ಸಹಿಸಿಕೊಳ್ಳುತ್ತದೆ, ಸಿ.ಡಿ. ಸಹಿಸುವುದಿಲ್ಲ, ಸೊನ್ನೆ ಡೆಸಿಬೆಲ್ ದಾಟಿದ ದನಿ ಒಡೆದುಹೋಗುತ್ತದೆ. ಅತಿ ಗಟ್ಟಿಯಾದ ಜಾಗವನ್ನು ಮೊದಲು ಕೇಳಿ, ಅಲ್ಲಿ ಮುಳ್ಳು ಸೊನ್ನೆಗಿಂತ ಐದಾರು ಡೆಸಿಬೆಲ್ ಕೆಳಗಿರುವಂತೆ ಇಟ್ಟುಕೊಳ್ಳುವುದು ಕ್ಷೇಮ.

ದೊಡ್ಡಾಟ ದೊಡ್ಡದು, ತಟ್ಟೆ ಚಿಕ್ಕದು

ಒಂದು ತಟ್ಟೆಯಲ್ಲಿ ಹಿಡಿಸುವುದು 74 ನಿಮಿಷ, ಹೆಚ್ಚೆಂದರೆ 80. ತೊಂಬತ್ತು ನಿಮಿಷದ ಕ್ಯಾಸೆಟ್ಟು ಒಂದು ತಟ್ಟೆಯಲ್ಲಿ ಹಿಡಿಸದು. ಬದಿಗೊಂದರಂತೆ ಎರಡು ಬೇಕು. ಇಪ್ಪತ್ತು ಕ್ಯಾಸೆಟ್ಟಿಗೆ ನಲವತ್ತು ತಟ್ಟೆ. ಕ್ಯಾಸೆಟ್ಟು ಎಷ್ಟು ಹೊತ್ತು ನುಡಿಯುತ್ತದೆಯೋ ಅಷ್ಟೇ ಹೊತ್ತು ಬರೆಯುವುದಕ್ಕೂ ಬೇಕಾದುದರಿಂದ ಮೂವತ್ತು ಗಂಟೆಗಳ ಕೆಲಸ.

ಕ್ಯಾಸೆಟ್ಟಿನದಾದರೂ ಮನೆಯೊಳಗಿನ ಕೆಲಸ. ಊರ ಹೊರಗೆ ಬಯಲಿನಲ್ಲಿ ದೊಡ್ಡಾಟವನ್ನೋ ತೊಗಲುಗೊಂಬೆಯಾಟವನ್ನೋ ನೇರವಾಗಿ ಈ ಯಂತ್ರದಿಂದ ಹಿಡಿಯಹೊರಟರೆ ಫಜೀತಿ. ಆಟ ಏರಿದರೆ ಬೆಳಗಿನ ಕೋಳಿ ಕೂಗುವವರೆಗೂ ನಡೆಯುತ್ತದೆ. ಒಂಬತ್ತು ಗಂಟೆಯ ಆಟಕ್ಕೆ ಏಳೆಂಟು ತಟ್ಟೆ. ಪ್ರತಿಯೊಂದನ್ನು ತೆಗೆದು ಮತ್ತೊಂದನ್ನು ಹಾಕಿ ಅಣಿಗೊಳಿಸುವಷ್ಟರಲ್ಲಿ ಭಾಗವತರು ಒಂದು ಪದ ಮುಗಿಸಿ ಮುಂದಿನದಕ್ಕೆ ಹೋಗಿರುತ್ತಾರೆ. ಭೀಮನ ಪ್ರತಿಜ್ಞೆಯ ಮಧ್ಯದಲ್ಲಿ ತಟ್ಟೆ ತುಂಬಿತೆಂದು ಭೀಮನನ್ನು ನಿಲ್ಲಿಸಲಾದೀತೆ? ಇದಕ್ಕಿಂತ ದೊಡ್ಡ ಅಪಾಯ ಕರೆಂಟಿನದು. ಬರೆಯುತ್ತಿರುವಾಗಲೋ ಫೈನಲೈಸ್ ಆಗುತ್ತಿರುವಾಗಲೋ ವಿದ್ಯುತ್ತು ಹೋದರೆ ಆ ತಟ್ಟೆ ಪೂರ್ತಿಯಾಗಿ ನಿರುಪಯುಕ್ತವಾಗಬಹುದು; ಅದರಲ್ಲಿ ಆಗಲೇ ಬರೆದ ಒಂದು ಗಂಟೆಯೂ ಅದರೊಡನೆ ಹೋದೀತು. ಬೇಸಗೆಯ ರಾತ್ರಿಗಳಲ್ಲಿ ಹಳ್ಳಿಯ ಕರೆಂಟನ್ನು ನಂಬಿ ಒಬ್ಬ ಎಂಬತ್ತರ ಹಿರಿಯ ಗಾಯಕರನ್ನು ಹಾಡಲು ಕೂರಿಸುವುದು ಧೈರ್ಯದ ಮಾತಲ್ಲ, ಅವಿವೇಕದ ಮಾತು.

ಹಣ ಎಲ್ಲಿ ಹೋಗಬೇಕು

ಇಷ್ಟು ಹೇಳಿದ ಮೇಲೆ ಮುಖ್ಯವಾದ ಪ್ರಶ್ನೆಗೆ ಬರಬೇಕು. ಬರೆಯುವ ಯಂತ್ರದ ಬಗ್ಗೆ ತಿಂಗಳುಗಟ್ಟಲೆ ವಿಚಾರಿಸುವ ಜನ ನುಡಿಸುವ ಯಂತ್ರದ ಬಗ್ಗೆ ವಿಚಾರಿಸುವುದೇ ಇಲ್ಲ. ಮೂಲೆಯಲ್ಲಿ ಧೂಳು ಹಿಡಿದಿದ್ದ ‘ಟೂ ಇನ್ ಒನ್’ ಅನ್ನು ಒರೆಸಿ, ಅದರ ಹೆಡ್‌ಫೋನಿನ ತೂತಿಗೆ ತಂತಿ ಚುಚ್ಚಿ ಕೆಲಸ ಆರಂಭಿಸಿಬಿಡುತ್ತಾರೆ. ಎಷ್ಟೇ ಬೆಲೆಯ ರೆಕಾರ್ಡರಿರಲಿ, ಅದಕ್ಕೆ ಬಂದ ದನಿಗಿಂತ ಒಳ್ಳೆಯ ದನಿಯನ್ನು ಅದು ಬರೆಯಲಾರದು. ಮಸುಕಾಗಿ ಬಂದದ್ದನ್ನು ಮಸುಕಾಗಿಯೇ, ನೂರು ಪಾಲು ನಿಷ್ಠೆಯಿಂದ, ಬರೆದಿಡುತ್ತದೆ.

ಆದ್ದರಿಂದ ಕೈಯಲ್ಲಿರುವ ಹಣವನ್ನು ಹತ್ತು ಪಾಲು ಮಾಡಿದರೆ ಮೊದಲ ನಾಲ್ಕು ಪಾಲು ಒಂದು ಸುಸ್ಥಿತಿಯ ಕ್ಯಾಸೆಟ್ ಡೆಕ್ಕಿಗೂ ಅದರ ದುರಸ್ತಿಗೂ ಮೀಸಲಾಗಬೇಕು. ಡೆಕ್ಕಿನ ಬೆಲ್ಟು ಸಡಿಲಾಗಿದ್ದರೆ ದನಿ ಏರಿಳಿದು ಅಜ್ಜಿಯ ಹಾಡು ಅಳುವಿನಂತೆ ಕೇಳಿಸುತ್ತದೆ; ಟೇಪನ್ನು ಎಳೆಯುವ ರಬ್ಬರಿನ ಗಾಲಿ ಗಟ್ಟಿಯಾಗಿದ್ದರೆ ಟೇಪನ್ನು ಅಗಿದುಹಾಕುತ್ತದೆ. ಎರಡನ್ನೂ ಬದಲಾಯಿಸಬೇಕು. ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದರೆ ವರ್ಷಗಟ್ಟಲೆ ಕೂತ ಕಂದುಬಣ್ಣದ ಕೊಳೆ ಬಿಟ್ಟುಬರುತ್ತದೆ. ಇನ್ನು ಬಹುಜನರಿಗೆ ತಿಳಿಯದ ಒಂದು ಗುಟ್ಟು ಹೆಡ್ಡಿನ ಕೋನ. ಮನೆಯ ಅಗ್ಗದ ಯಂತ್ರಗಳಲ್ಲಿ ಹೆಡ್ಡು ಎಷ್ಟೋ ವೇಳೆ ಕೂದಲೆಳೆಯಷ್ಟು ವಾರೆಯಾಗಿರುತ್ತಿತ್ತು. ಆ ವಾರೆಯಲ್ಲಿ ಮುದ್ರಿತವಾದ ಟೇಪನ್ನು ನೆಟ್ಟಗಿರುವ ಡೆಕ್ಕಿನಲ್ಲಿ ನುಡಿಸಿದರೆ ಹಾಡು ಕಂಬಳಿ ಹೊದ್ದುಕೊಂಡಂತೆ ಮಂಕಾಗಿರುತ್ತದೆ. ಹೆಡ್ಡಿನ ಪಕ್ಕದ ಪುಟ್ಟ ತಿರುಪನ್ನು ಕಾಲು ಸುತ್ತಿಗಿಂತಲೂ ಕಡಮೆ ಅತ್ತಿತ್ತ ತಿರುಗಿಸುತ್ತ ಕಿವಿಗೊಟ್ಟರೆ ಒಂದು ಬಿಂದುವಿನಲ್ಲಿ ತಾಳದ ಝಣಝಣ, ‘ಸ’ಕಾರ ‘ಶ’ಕಾರಗಳು ತಟಕ್ಕನೆ ತಿಳಿಯಾಗುತ್ತವೆ. ಸತ್ತಿತೆಂದು ಎಣಿಸಿದ್ದ ಕ್ಯಾಸೆಟ್ಟು ಹೀಗೆ ಬದುಕಿಕೊಂಡದ್ದುಂಟು. ಗಂಗಾವತಿಯಲ್ಲಾಗಲಿ ಕೊಪ್ಪಳದಲ್ಲಾಗಲಿ ಇಂದು ಮೊಬೈಲ್ ದುರಸ್ತಿಗೆ ಕುಳಿತಿರುವ ಹಿರಿಯ ಮೆಕ್ಯಾನಿಕ್ಕುಗಳಲ್ಲಿ ಟೇಪ್ ರೆಕಾರ್ಡರಿನಿಂದಲೇ ಕಸುಬು ಕಲಿತವರು ಇದ್ದಾರು. ಅಂಥವರನ್ನು ಹುಡುಕಿದರೆ ಕೆಲಸ ಹಗುರವಾದೀತು.

ಬರೆಯುವ ಯಂತ್ರಕ್ಕೆ ಮೂರು ಪಾಲು ಸಾಕು. ಆ ಮೂರು ಪಾಲಿಗೆ ಸಿ.ಡಿ. ರೆಕಾರ್ಡರಿಗಿಂತ, ಮೆಮೊರಿ ಕಾರ್ಡಿನ ಮೇಲೆ ಬರೆಯುವ ಕೈಹಿಡಿಯ ರೆಕಾರ್ಡರು ಎಲ್ಲ ವಿಧದಲ್ಲೂ ಉತ್ತಮ. ಇದಕ್ಕೂ ಕಂಪ್ಯೂಟರಿನ ಹಂಗಿಲ್ಲ, ಗುಂಡಿ ಒತ್ತಿದರಾಯಿತು. ಬ್ಯಾಟರಿಯಲ್ಲಿ ನಡೆಯುವುದರಿಂದ ಕರೆಂಟಿನ ಭಯವಿಲ್ಲ. ಮೈಕು ಅದರಲ್ಲೇ ಇರುತ್ತದೆ. ‘ವೇವ್’ ಎಂಬ ರೂಪದಲ್ಲಿ, 44.1 ಕಿಲೊಹರ್ಟ್ಸ್ ಮತ್ತು 16 ಬಿಟ್ ಎಂದು ಗೊತ್ತುಮಾಡಿಟ್ಟರೆ ಅದು ಬರೆಯುವುದು ಅಕ್ಷರಶಃ ಸಿ.ಡಿ.ಯ ಗುಣಮಟ್ಟದ ದನಿಯನ್ನೇ. ಒಂದು ಗಂಟೆಗೆ ಸುಮಾರು 635 ಮೆಗಾಬೈಟ್. 32 ಗಿಗಾಬೈಟಿನ ಕಾರ್ಡಿನಲ್ಲಿ ಸುಮಾರು 50 ಗಂಟೆ. ಆ ಇಪ್ಪತ್ತು ಕ್ಯಾಸೆಟ್ಟುಗಳೂ ಒಂದು ರಾತ್ರಿಯ ದೊಡ್ಡಾಟವೂ ಬೆರಳಿನ ಉಗುರಿನಷ್ಟು ಜಾಗದಲ್ಲಿ ಅಡಗಿ ಇನ್ನೂ ಸ್ಥಳ ಉಳಿಯುತ್ತದೆ. ಕೊಳ್ಳುವಾಗ ಒಂದನ್ನು ಮಾತ್ರ ಮರೆಯದೆ ಕೇಳಬೇಕು: ಡೆಕ್ಕಿನ ತಂತಿಯನ್ನು ಸಿಕ್ಕಿಸಲು ‘ಲೈನ್ ಇನ್’ ಇದೆಯೆ? ಭಾಷಣ ಬರೆದುಕೊಳ್ಳಲೆಂದು ಮಾಡಿದ ಅತಿ ಅಗ್ಗದ ರೆಕಾರ್ಡರುಗಳಲ್ಲಿ ಅದು ಇರುವುದಿಲ್ಲ. ಅವು ದನಿಯನ್ನು ಹಿಂಡಿ ಸಣ್ಣದು ಮಾಡುವುದರಿಂದ ಹಾಡಿಗೆ ಯೋಗ್ಯವೂ ಅಲ್ಲ.

ಎರಡು ಪಾಲು ಪ್ರತಿಗಳಿಗೆ. ಒಂದೇ ಕಾರ್ಡಿನಲ್ಲಿ ಬಿಟ್ಟರೆ ಟ್ರಂಕಿನ ಅವಸ್ಥೆಯೇ ಮತ್ತೆ ಬಂದಂತಾಯಿತು. ಬೇರೆ ಬೇರೆ ಮನೆಗಳಲ್ಲಿ, ಬೇರೆ ಊರುಗಳಲ್ಲಾದರೆ ಇನ್ನೂ ಮೇಲು, ಎರಡು ಮೂರು ಪ್ರತಿಗಳಿರಬೇಕು. ಉಳಿದ ಒಂದು ಪಾಲು ತಂತಿ, ಹತ್ತಿ, ಬೆಲ್ಟು ಮೊದಲಾದ ಚಿಲ್ಲರೆಗೆ.

ಹಾಗಾದರೆ ಸಿ.ಡಿ. ರೆಕಾರ್ಡರು ಯಾರಿಗೂ ಬೇಡವೆ? ಹಾಗೆ ಸಾರಾಸಗಟಾಗಿ ಹೇಳುವುದೂ ಸಲ್ಲದು. ಮನೆಯಲ್ಲಿ ಸುಸ್ಥಿತಿಯ ಸಿ.ಡಿ. ಪ್ಲೇಯರಿದ್ದು, ಕಾರ್ಡು, ಫೈಲು ಎಂಬ ಮಾತುಗಳೇ ಒಗ್ಗದ ಹಿರಿಯರು, ಹಾಡಿನ ತಟ್ಟೆಯನ್ನು ಕೈಯಲ್ಲಿ ಹಿಡಿದು, ಹೆಸರು ಓದಿ, ಹಾಕಿಕೊಂಡು ಕೇಳುವ ಸುಖವನ್ನೇ ಬಯಸುವವರಾದರೆ, ಮತ್ತು ಕಂಪ್ಯೂಟರಿನ ತಟ್ಟೆಯನ್ನು ಒಪ್ಪುವ ವೃತ್ತಿಯ ಯಂತ್ರವೊಂದು ಪರೀಕ್ಷೆಯಲ್ಲಿ ಗೆದ್ದು ಸುಲಭದ ಬೆಲೆಗೆ ಸಿಕ್ಕಿದರೆ, ಕೊಳ್ಳಲಿ. ಆದರೆ ಅದು ಕೇಳುವ ಪ್ರತಿಯಾಗಿರಲಿ, ಕಾಪಾಡುವ ಪ್ರತಿಯಾಗದಿರಲಿ. ಖಾಲಿ ತಟ್ಟೆಗಳನ್ನು ಮಾರಿದವರು ಹತ್ತಾರು ವರ್ಷಗಳ, ಕೆಲವರು ನೂರು ವರ್ಷಗಳ ಬಾಳಿಕೆಯ ಭರವಸೆ ಕೊಟ್ಟರು. ಕಳಪೆ ತಟ್ಟೆಗಳು ಕೆಲವೇ ವರ್ಷಗಳಲ್ಲಿ ಮೂಕವಾದವು. ಬಣ್ಣದ ಲೇಪಕ್ಕೆ ಬಿಸಿಲೂ ಬೇಗೆಯೂ ಶತ್ರುಗಳು. ವೈಶಾಖದಲ್ಲಿ ನಲವತ್ತು ಡಿಗ್ರಿ ದಾಟುವ ಈ ನಾಡಿನಲ್ಲಿ ಕಿಟಕಿಯ ಬಳಿ ತೆರೆದಿಟ್ಟ ತಟ್ಟೆಯ ಗತಿ ಹೇಳಬೇಕಾಗಿಲ್ಲ. ಕೊಪ್ಪಳದ ಗವಿಮಠದ ಮೇಲಣ ಬಂಡೆಯಲ್ಲೂ ಪಾಲ್ಕಿಗುಂಡಿನಲ್ಲೂ ಅಶೋಕ ಚಕ್ರವರ್ತಿ ಬರೆಯಿಸಿದ ಮಾತು ಸುಮಾರು ಎರಡು ಸಾವಿರದ ಇನ್ನೂರು ವರ್ಷ ಬಿಸಿಲು ಮಳೆ ತಿಂದು ಇಂದಿಗೂ ಓದಲು ಸಿಕ್ಕುತ್ತಿದೆ. ಅದರ ಬುಡದಲ್ಲಿರುವ ಊರಿನಲ್ಲಿ ಇಪ್ಪತ್ತು ವರ್ಷವೂ ಬಾಳದ ತಟ್ಟೆಯನ್ನು ಶಾಶ್ವತವೆಂದು ನಂಬುವುದು ತಮಾಷೆಯಾಗಿ ಕಾಣುತ್ತದೆ.

ತಟ್ಟೆಯನ್ನೇ ಮಾಡಿಕೊಂಡವರು ಅದನ್ನು ಕತ್ತಲೆಯ ತಂಪಾದ ಕಪಾಟಿನಲ್ಲಿ ನಿಲ್ಲಿಸಿಡಬೇಕು. ಹೆಸರು ಬರೆಯುವ ಮೇಲ್ಬದಿಯೇ ಹೆಚ್ಚು ಸೂಕ್ಷ್ಮ. ಲೋಹದ ಪದರ ಇರುವುದು ಅಲ್ಲಿ, ವಾರ್ನಿಷಿನ ಕೆಳಗೆ. ಬಾಲ್‌ಪೆನ್ನಿನಿಂದ ಒತ್ತಿ ಬರೆದರೆ ಗೀಚು ಬೀಳುತ್ತದೆ, ಅಂಟಿನ ಚೀಟಿ ಹಚ್ಚಿದರೆ ಪದರವೇ ಕಿತ್ತುಬರಬಹುದು. ಸಿ.ಡಿ.ಗೆಂದೇ ಮಾಡಿದ ಮೆತ್ತನೆಯ ತುದಿಯ ಮಾರ್ಕರಿನಿಂದ ನಡುವಿನ ಪಾರದರ್ಶಕ ಉಂಗುರದ ಮೇಲೆ ಒಂದು ಕ್ರಮಸಂಖ್ಯೆ ಬರೆದರೆ ಸಾಕು. ವಿವರಗಳು ಒಂದು ನೋಟುಬುಕ್ಕಿನಲ್ಲಿರಲಿ.

ಮೂಲ ಕ್ಯಾಸೆಟ್ಟುಗಳನ್ನು, ಕೆಲಸ ಮುಗಿಯಿತೆಂದು, ಗುಜರಿಗೆ ಹಾಕಬಾರದು. ಅವುಗಳ ಹಿಂಬದಿಯ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲುಗಳನ್ನು ಮುರಿದುಬಿಟ್ಟರೆ ಯಾರೂ ಮರೆತು ಅದರ ಮೇಲೆ ಸಿನಿಮಾ ಹಾಡು ತುಂಬಿಸಲಾರರು. ಈ ಕೆಲಸವನ್ನು ಡೆಕ್ಕಿಗೆ ಹಾಕುವ ಮೊದಲೇ ಮಾಡುವುದು ಒಳ್ಳೆಯದು. ಆಮೇಲೆ ನೋಟುಬುಕ್ಕಿನ ಮಾತು. ಕ್ಯಾಸೆಟ್ಟಿನ ಚೀಟಿಯ ಮೇಲೆ ‘ಅವ್ವನ ಪದ’ ಎಂದಷ್ಟೇ ಇರುತ್ತದೆ. ಬರೆದ ಮಗನಿಗೆ ಅಷ್ಟು ಸಾಕಾಗಿತ್ತು. ಮೊಮ್ಮಕ್ಕಳಿಗೆ ಯಾವ ಅವ್ವ ಎಂಬುದೇ ತಿಳಿಯದು. ಹಾಡಿದವರ ಹೆಸರು, ತವರೂರು, ಹಿಮ್ಮೇಳದಲ್ಲಿ ಕೂತವರು ಯಾರು, ಯಾವ ವರ್ಷ, ಯಾವ ಸಂದರ್ಭ, ಇವನ್ನು ಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ಪಕ್ಕದಲ್ಲಿ ಕೂರಿಸಿಕೊಂಡು, ಕ್ಯಾಸೆಟ್ಟು ನುಡಿಯುತ್ತಿರುವ ಹೊತ್ತಿನಲ್ಲಿಯೇ ಕೇಳಿ ಬರೆದುಕೊಳ್ಳಬೇಕು. ಮೂವತ್ತು ಗಂಟೆಯ ಕೆಲಸವಾದುದರಿಂದ ಅದಕ್ಕೆ ಬಿಡುವು ಧಾರಾಳವಾಗಿ ಸಿಕ್ಕುತ್ತದೆ.